ಮೂರನೆಯವರು ಯಾರು?

ಕಳೆದ ತಿಂಗಳು ಚಾಮರಾಜನಗರದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ನಮ್ಮ ಮೇಡಂ ಅವರನ್ನು ತಾಯಿ ಅಂದರು. ತಾಯಿಹೃದಯ, ಮಾತೃವಾತ್ಸಲ್ಯ, ಮಕ್ಕಳೆಂದರೆ ಪ್ರಾಣ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಆಧಾರವಿಲ್ಲದ ಮಾತು ಕಿವಿಗೆ ಬಿದ್ದರೆ ಎದ್ದು ನಿಂತು ಆಕ್ಷೇಪಿಸುವ ಚಾಳಿ ಇನ್ನೂ ಹೋಗಿಲ್ಲ. ಸತ್ತವರ ಸಭೆ ಅಂತ ಸುಮ್ಮನೆ ಕೂತಿದ್ದೆ. ಇಲ್ಲಿ ಹೇಳಿಬಿಡುತ್ತೇನೆ: ಅವರಿಗೆ ಮಕ್ಕಳೆಂದರೆ ಅಷ್ಟೇನೂ ಇಷ್ಟವಿರಲಿಲ್ಲ.

ಇದು ನನ್ನ ಊಹೆಯಲ್ಲ, ಅವರೇ ಹೇಳಿದ್ದು. "ಗಲಾಟೆ ಮಾಡ್ತವೆ, ಮೂಗು ಸುರಿಸ್ತವೆ, ಹೋಂವರ್ಕ್ ವಿಷಯದಲ್ಲಿ ದಿನಾ ಸುಳ್ಳು ಹೇಳ್ತವೆ. ಇಷ್ಟಪಡೋಕೆ ಏನಿದೆ ಹೇಳು?" ಅಂತ ಕಡಲೆಕಾಯಿ ಬಿಡಿಸುತ್ತಾ ಕೇಳಿದ್ದರು. ಹಾಗಾದರೆ ಬೇಸಿಗೆಯಲ್ಲಿ ಈ ಮಕ್ಕಳ ನಾಟಕ ಶಿಬಿರ ಯಾಕೆ ನಡೆಸುತ್ತೀರಿ ಅಂದೆ. "ನಡೆಸ್ತಿದ್ದ ಮೇಷ್ಟ್ರಿಗೆ ವರ್ಗ ಆಯ್ತು. ಮೀಟಿಂಗಿಗೆ ನಾನು ತಡವಾಗಿ ಹೋದೆ. ಹೋಗೋ ಅಷ್ಟರಲ್ಲಿ ನನ್ನ ಹೆಸರು ಬರೆದುಬಿಟ್ಟಿದ್ರು" ಅಂದರು.

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವರು. ಮಕ್ಕಳು ಮಿಸ್ಸು ಅನ್ನುತ್ತಿದ್ದರು, ಹಳ್ಳಿಯಿಂದ ಬರುವ ತಂದೆತಾಯಿಗಳು ಮೇಡಮ್ಮೋರು. ಹಾಡಲು ಬರುತ್ತಿರಲಿಲ್ಲ, ಕುಣಿಯಲಂತೂ ಮಂಡಿನೋವು. ಪ್ರಾರ್ಥನೆಗೆ ಎಲ್ಲರ ಜೊತೆ ನಿಂತು ತುಟಿ ಮಾತ್ರ ಆಡಿಸುತ್ತಿದ್ದರು. ನಾಟಕದ ಬಗ್ಗೆ ಅವರಿಗಿದ್ದ ಒಂದೇ ಅಭಿಪ್ರಾಯ, ಅದು ಒಂದೂವರೆ ಗಂಟೆಗಿಂತ ಉದ್ದ ಇರಬಾರದು ಅನ್ನುವುದು. ಇಂಥವರ ಕೈಯಲ್ಲಿ ಊರಿನ ಮಕ್ಕಳ ರಂಗತಂಡ ಏಳೆಂಟು ಬೇಸಿಗೆ ನಡೆಯಿತು.

ನಾನು ಅಲ್ಲಿಗೆ ಹೋದದ್ದು ಬಿ.ಎ. ಎರಡನೇ ವರ್ಷದಲ್ಲಿ. ಕಾಲೇಜಿಗೆ ಚರ್ಚೆಯಲ್ಲಿ ಪಾರಿತೋಷಕ ತಂದಿದ್ದ ಜೋರಿನಲ್ಲಿದ್ದೆ. ಮಕ್ಕಳಿಗೆ ಮಾತಿನ ಸ್ಪಷ್ಟತೆ ಕಲಿಸಲು ಒಬ್ಬರು ಬೇಕು ಅಂದರು, ಹೋದೆ. ಮೊದಲ ದಿನ ನೋಡಿದ್ದೇ ಒಂದು ವಿಚಿತ್ರ. ಸಮುದಾಯ ಭವನದಲ್ಲಿ ವೇದಿಕೆಯ ಹಿಂದೆ ಬಣ್ಣ ಹಚ್ಚುವ ಕೋಣೆಯಿತ್ತು. ಅದರ ಬಾಗಿಲನ್ನು ಬಡಗಿಯಿಂದ ಬಿಚ್ಚಿಸಿ, ಇಟ್ಟಿಗೆಯ ಮೇಲೆ ಮಲಗಿಸಿ, ಅದರ ಮೇಲೆ ಉಪ್ಪಿಟ್ಟಿನ ಪಾತ್ರೆ ಇಟ್ಟಿದ್ದರು.

"ಬಾಗಿಲು ಕೆಟ್ಟಿತ್ತಾ ಮೇಡಂ?"

"ಇಲ್ಲ, ಚೆನ್ನಾಗಿತ್ತು. ಅದಕ್ಕೇ ತೆಗೆಸಿದ್ದು."

ಹುಡುಗಿಯರು ಬಟ್ಟೆ ಬದಲಾಯಿಸಲು ಒಳಗೊಂದು ಮೂಲೆಗೆ ಪರದೆ ಕಟ್ಟಿತ್ತು. ಅದರ ಮುಂದೆ ಸರದಿಯ ಪ್ರಕಾರ ಇಬ್ಬರು ತಾಯಂದಿರು ಕೂರುತ್ತಿದ್ದರು. ಇಬ್ಬರು ಯಾಕೆ, ಒಬ್ಬರು ಸಾಲದೇ ಅಂದರೆ ಅವರ ಉತ್ತರ: "ಒಬ್ಬರಾದ್ರೆ ನಿದ್ದೆ ಮಾಡ್ತಾರೆ. ಇಬ್ಬರಾದ್ರೆ ಮಾತಾಡ್ತಾ ಕೂತಿರ್ತಾರೆ."

ಮಕ್ಕಳಿಗೆ ಮೊದಲ ದಿನದ ಪಾಠ ಹಾಡೂ ಅಲ್ಲ, ಹೆಜ್ಜೆಯೂ ಅಲ್ಲ. ಒಬ್ಬೊಬ್ಬರೇ ವೇದಿಕೆಯ ಮೇಲೆ ನಿಂತು "ಬೇಡ!" ಅನ್ನಬೇಕು. ರಸ್ತೆಯಾಚೆಯ ಟೀ ಅಂಗಡಿಗೆ ಕೇಳಿಸಬೇಕು. ಅಂಗಡಿಯವನು ಕೇಳಿಸಿತು ಅಂತ ಕೈ ಎತ್ತಿದ ಮೇಲೆಯೇ ಕೆಳಗೆ ಇಳಿಯಬೇಕು. ನಾನು ಧ್ವನಿ ಪಳಗಿಸುವ ಅಭ್ಯಾಸ ಅಂದುಕೊಂಡೆ. ಸಣ್ಣ ಹುಡುಗರು ಸಲೀಸಾಗಿ ಕಿರುಚುತ್ತಿದ್ದರು, ಹತ್ತು ದಾಟಿದ ಹುಡುಗಿಯರಿಗೆ ಧ್ವನಿಯೇ ಹೊರಡುತ್ತಿರಲಿಲ್ಲ. ಅವರನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದ್ದರು. ಒಂದು ವಾರದ ಮೇಲೆ ಒಬ್ಬ ತಾಯಿ ಜಗಳಕ್ಕೇ ಬಂದಳು. "ಏನ್ ಹೇಳ್ಕೊಟ್ರಿ ಮೇಡಮ್ಮೋರೆ ನಮ್ ಐಕ್ಳಿಗೆ? ಮುದ್ದೆ ಉಣ್ಣು ಅಂದ್ರೆ ಬೀದಿಗೆಲ್ಲ ಕೇಳಂಗೆ ಬೇಡ ಅಂತವೆ!"

"ಮುದ್ದೆಗೆ ಬೇಡ ಅಂದ್ರೆ ಎರಡು ಏಟು ಕೊಡಿ. ಧ್ವನಿ ಮಾತ್ರ ಕಮ್ಮಿ ಮಾಡಿಸಬೇಡಿ" ಅಂದರು ಇವರು. ಏಟಿನ ವಿಷಯದಲ್ಲಿ ಅವರು ಹಳೇ ಕಾಲದವರೇ. ಅದರ ಬಗ್ಗೆಯೂ ನಾವು ಜಗಳವಾಡಿದ್ದೇವೆ, ಅದರಲ್ಲಿ ನಾನೇ ಗೆದ್ದಿದ್ದೇನೆ.

ಇನ್ನೊಂದು ಮುಖ್ಯ ಕಟ್ಟಳೆ, ದೊಡ್ಡವರು ಒಬ್ಬರು ಮಗು ಒಂದು ಅಂತ ಎಲ್ಲೂ ಇರಬಾರದು. ಜೊತೆಗೆ ಇನ್ನೊಬ್ಬರು ಇರಲೇಬೇಕು. ಯಾರಾದರೂ ಒಂದು ಮಗುವಿನ ಜೊತೆ ಮೂಲೆಯಲ್ಲಿ ನಿಂತಿದ್ದರೆ ದೂರದಿಂದಲೇ ಛತ್ರಿ ತೋರಿಸಿ ಕೇಳುತ್ತಿದ್ದರು: "ಮೂರನೆಯವರು ಯಾರು?" ಮಕ್ಕಳು ಅದನ್ನು ಅವರ ಹಾಗೇ ಮೂಗಿನಲ್ಲಿ ಅನುಕರಿಸುತ್ತಿದ್ದವು. ನಾನು ಒಬ್ಬ ಹುಡುಗನಿಗೆ 'ಶ'ಕಾರ ತಿದ್ದುತ್ತಾ ಕೋಣೆಯಲ್ಲಿ ಕೂತಿದ್ದಾಗ ನನಗೂ ಛತ್ರಿ ತೋರಿಸಿದರು.

"ನಾನು ಹುಡುಗಿ ಮೇಡಂ!"

"ಹೌದಾ? ಅದಕ್ಕೇನೀಗ?"

ನಮ್ಮ ಹಾರ್ಮೋನಿಯಂ ತಾತನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಅವರಿಗೂ ರಿಯಾಯಿತಿ ಇರಲಿಲ್ಲ. "ಮೂರ್ನೇವ್ರು ಬಂದ್ರೋ ಇಲ್ವೋ ನಂಗೆಂಗ್ ಗೊತ್ತಾಗದು ಮೇಡಮ್ಮ?" ಅಂದರೆ, "ಅದಕ್ಕೇ ಅವರು ಕೆಮ್ಮುತ್ತಾ ಇರಬೇಕು ಅಂದಿದ್ದೀನಿ" ಅನ್ನುತ್ತಿದ್ದರು. ತಾತ ಪದ ಹೇಳಿಕೊಡುವಾಗ ಯಾರಾದರೂ ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತು ಆಗಾಗ ಕೆಮ್ಮುವುದು ನಿಜವಾಗಿಯೂ ನಡೆಯುತ್ತಿತ್ತು.

ಸಂಜೆ ಮಕ್ಕಳನ್ನು ಕರೆದೊಯ್ಯಲು ಬರುವವರ ಮುಖ ಅವರಿಗೆ ಮೊದಲೇ ಪರಿಚಯವಾಗಿರಬೇಕು. ಹರದನಹಳ್ಳಿಯಿಂದ ಒಬ್ಬ ಗಾಡಿ ತಂದು, ಅಣ್ಣನ ಮಗನನ್ನು ಕಳಿಸಿ ಅಂದ. ಇವರು ಕಳಿಸಲಿಲ್ಲ. "ಅವ್ನ್ ಚಿಕ್ಕಪ್ಪ ಕಣಮ್ಮೋ ನಾನು! ನೋಡಿ, ಮೂಗೇ ಹೇಳ್ತದೆ" ಅಂತ ಅವನು ಹುಡುಗನ ಪಕ್ಕ ನಿಂತು ಮೂಗು ತೋರಿಸಿದ. ಮೂಗು ನಿಜಕ್ಕೂ ಒಂದೇ ಅಚ್ಚು. "ಇರಬಹುದು, ಕೂತ್ಕೊಳಿ, ಟೀ ಬರುತ್ತೆ" ಅಂದರು. ಹುಡುಗನ ತಾಯಿ ಅರಿಶಿನದ ಮಂಡಿಯಲ್ಲಿ ಕೆಲಸ ಮುಗಿಸಿ ಬರುವವರೆಗೆ ಆತ ಟೀ ಕುಡಿಯುತ್ತಾ, ಬೈಯುತ್ತಾ, ಮಕ್ಕಳ ನಾಟಕ ನೋಡುತ್ತಾ ಕೂತಿದ್ದ.

ನನಗೆ ಇದೆಲ್ಲ ಅತಿ ಅನ್ನಿಸುತ್ತಿತ್ತು. ಒಂದು ದಿನ ನೇರವಾಗಿ ಹೇಳಿದೆ: "ಮೇಡಂ, ತಪ್ಪು ಮಾಡೋಕೆ ಮುಂಚೆಯೇ ನೀವು ಎಲ್ಲರನ್ನೂ ತಪ್ಪಿತಸ್ಥರು ಅಂತ ತೀರ್ಮಾನಿಸಿದ್ದೀರಿ. ಇದು ನ್ಯಾಯ ಅಲ್ಲ."

ವಾದ ಬಂದಾಗ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಒರೆಸಿ ಮುಗಿಯುವುದರೊಳಗೆ ಎದುರಿನವರ ಬಿಸಿ ಇಳಿದಿರುತ್ತಿತ್ತು. ಕಣ್ಣಿಗೆ ಹಾಕಿಕೊಂಡು ಕೇಳಿದರು: "ಬಸ್ಸಲ್ಲಿ ಕಂಡಕ್ಟರು ಟಿಕೆಟ್ ಕೇಳಿದ್ರೆ ನಿನ್ನನ್ನ ಕಳ್ಳಿ ಅಂದ ಹಾಗಾ?"

"ಪರಿಚಯದವರನ್ನ ಕಂಡಕ್ಟರು ಕೇಳಲ್ಲ."

"ಅದಕ್ಕೇ ಅವನ ಹಿಂದೆ ಚೆಕಿಂಗಿಗೆ ಇನ್ನೊಬ್ಬ ಬರೋದು. ಹೋಗು, ಆ ಕೊನೇ ಸಾಲಿನ ಹುಡುಗನಿಗೆ ಹ ಅನ್ನೋಕೆ ಬರಲ್ಲ, ಹೇಳ್ಕೊಡು."

ಇಷ್ಟರಲ್ಲಿ ಮೈಸೂರಿನಿಂದ ಒಬ್ಬ ನಿರ್ದೇಶಕರು ಬಂದರು. ಮೇಡಂ ಅವರೇ ಹೋಗಿ ಕರೆತಂದಿದ್ದು. ಒಳ್ಳೆಯ ಕೆಲಸಗಾರ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಉರು ಹೊಡೆದು ಒಪ್ಪಿಸುತ್ತಿದ್ದ ಮಕ್ಕಳು ಅವರ ಕೈಯಲ್ಲಿ ಹತ್ತು ದಿನಕ್ಕೆ ಮಾತಾಡಲು ಶುರುಮಾಡಿದವು. ಬಂದ ದಿನವೇ ಇವರು ತಮ್ಮ ಕಟ್ಟಳೆಗಳನ್ನು ಹೇಳಿದ್ದರು. ಅವರು ನಕ್ಕು, "ಎಲ್ಲಾ ನೀವು ಹೇಳಿದ ಹಾಗೇ ಅಮ್ಮಾ" ಅಂದಿದ್ದರು.

ನಿರ್ದೇಶಕರ ಕಣ್ಣಿಗೆ ಬಿದ್ದವಳು ಪುಣಜನೂರಿನ ಒಬ್ಬ ಹುಡುಗಿ. ಹನ್ನೆರಡು ಹದಿಮೂರು ಇರಬೇಕು. ಊರಲ್ಲಿ ಪ್ರೌಢಶಾಲೆಗೆ ಅನುಕೂಲ ಸಾಲದೆಂದು ಚಾಮರಾಜನಗರದ ದೊಡ್ಡಮ್ಮನ ಮನೆಯಲ್ಲಿ ಓದುತ್ತಿದ್ದಳು. ಮೊದಲ ದಿನ ಅವಳ "ಬೇಡ" ಮೊದಲ ಸಾಲಿಗೂ ಕೇಳಿಸಿರಲಿಲ್ಲ. ಅವಳಿಗೆ ರಾಜನಿಗೇ ಎದುರು ಮಾತಾಡುವ ಕುರಿಗಾಹಿಯ ಪಾತ್ರ ಕೊಟ್ಟರು. ನಾಟಕ ನಿಂತಿದ್ದೇ ಆ ಪಾತ್ರದ ಮೇಲೆ. ಮಕ್ಕಳ ನಾಟಕಸ್ಪರ್ಧೆಗೆಂದು ಗುಂಡ್ಲುಪೇಟೆಯಲ್ಲಿ ಪ್ರದರ್ಶನವಿತ್ತು, ಅದನ್ನು ನೋಡಿ ತಂಡವನ್ನು ಮುಂದಿನ ಹಂತಕ್ಕೆ ಆರಿಸುವವರು ಬರುವುದಿತ್ತು. ಹುಡುಗಿ ಮನೆಯಲ್ಲಿ ನೀರು ಸೇದುತ್ತಾ ಕೂಡ ಮಾತು ಒಪ್ಪಿಸುತ್ತಿದ್ದಳಂತೆ. ನಾಟಕ ಮುಗಿದರೆ ಮತ್ತೆ ಮನೆ, ಶಾಲೆ, ದೊಡ್ಡಮ್ಮನ ಮನೆಯ ಮುಸುರೆ ಪಾತ್ರೆ. ಅವಳಿಗೆ ಅದು ಎಷ್ಟು ದೊಡ್ಡದು ಅನ್ನುವುದು ನಮಗೆಲ್ಲ ಗೊತ್ತಿತ್ತು.

ಪ್ರದರ್ಶನದ ದಿನ ಮಧ್ಯಾಹ್ನ ಎಲ್ಲರೂ ಟೆಂಪೋದಲ್ಲಿ ಹೊರಡುವುದೆಂದು ಮಾತಾಗಿತ್ತು. ಬೆಳಿಗ್ಗೆ ನಾವು ವೇಷಭೂಷಣದ ಗಂಟು ಕಟ್ಟುತ್ತಿದ್ದಾಗ ಒಬ್ಬ ಚಿಕ್ಕ ಹುಡುಗಿ ಸಹಜವಾಗಿ ಹೇಳಿದಳು, "ಮಿಸ್, ಪುಣಜನೂರ್ ಅಕ್ಕ ಆಗ್ಲೇ ಗುಂಡ್ಲುಪೇಟೆಗೆ ಓದ್ಲು. ಡೈರೆಕ್ಟರ್ ಸಾರ್ ಬೈಕಲ್ಲಿ."

"ಮೂರನೆಯವರು ಯಾರು?"

"ಯಾರೂ ಇಲ್ಲ ಮಿಸ್. ಗಾಡೀಲಿ ಎಲ್ಲಿ ಜಾಗ ಇದ್ದದು?"

ಇವರು ಗಂಟು ಅಲ್ಲೇ ಬಿಟ್ಟು ದೊಡ್ಡಮ್ಮನ ಮನೆಗೆ ಹೋದರು, ಹಿಂದೆ ನಾನು. ದೊಡ್ಡಮ್ಮ ಬಾಗಿಲಲ್ಲೇ ಹೆಮ್ಮೆಯಿಂದ ಹೇಳಿದಳು: "ಊ ಕಣವ್ವ, ಗುರುಗಳೇ ಮನೆಗಂಟ ಬಂದಿದ್ರು. ಸ್ಟೇಜ್ ತೋರುಸ್ತೀನಿ, ಭಯ ಓಗ್ಲಿ ಅಂದ್ರು. ಗುರುಗಳೇ ಬಂದ್ ಕರೆದಾಗ ಇಲ್ಲ ಅನ್ನಕಾದದಾ? ಕಾಪಿ ಕುಡ್ಸಿ ಕಳುಸ್ದೆ."

ನಮ್ಮ ಕಡೆ ಇದು ತಪ್ಪಲ್ಲ, ಮರ್ಯಾದೆ. ಕಲಿಸುವವರು ಹೊಸಿಲಿಗೆ ಬಂದು ಮಗುವನ್ನು ಕೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಅದೇ ಅಪಚಾರ. ಇವರು ದೊಡ್ಡಮ್ಮನನ್ನು ಬೈಯಲೂ ಇಲ್ಲ. ಟೆಂಪೋದ ಜವಾಬ್ದಾರಿಯನ್ನು ಇಬ್ಬರು ತಾಯಂದಿರಿಗೆ ವಹಿಸಿ, ಸಿಕ್ಕ ಬಸ್ಸು ಹತ್ತಿದರು.

ತೆರಕಣಾಂಬಿ ದಾರಿ. ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತಿತ್ತು. ಯಾರೋ ಬಾಳೆಗೊನೆ ಹತ್ತಿಸಿದರು, ಯಾರೋ ಕೋಳಿ. ಪ್ರತಿ ಸಲ ನಿಂತಾಗಲೂ ಇವರು ಛತ್ರಿಯ ಹಿಡಿಯನ್ನು ಹಿಂಡುತ್ತಿದ್ದರು. "ಕಂಡಕ್ಟರೇ, ಇನ್ನೂ ಎಷ್ಟು ಹೊತ್ತು ನಿಲ್ಲಿಸ್ತೀರಿ?" ಅಂತ ಜೋರಾಗಿ ಕೇಳಿದರು. "ಗಿರಾಕಿ ಹತ್ಬೇಕಲ್ವಾ ಅಮ್ಮಾ, ಇದೇನ್ ಪ್ಲೇನಾ?" ಅಂದ ಅವನು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆದರೂ ನನ್ನ ಬಾಯಿ ನಿಲ್ಲಬೇಕಲ್ಲ!

"ಮೇಡಂ, ಆ ಮನುಷ್ಯನ ವಿರುದ್ಧ ನಿಮ್ಮ ಹತ್ರ ಏನು ಸಾಕ್ಷಿ ಇದೆ?"

"ಏನೂ ಇಲ್ಲ."

"ಅನುಮಾನ?"

"ಅದೂ ಇಲ್ಲ."

"ಮತ್ತೆ ಯಾವ ಆಧಾರದ ಮೇಲೆ ಹೋಗ್ತಿದ್ದೀವಿ?"

ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. "ಸಾಕ್ಷಿ ಬೇಕು ಅಂದ್ರೆ ಮೊದಲು ಒಂದು ಮಗುವಿಗೆ ಏನೋ ಆಗಬೇಕು ಕಣಮ್ಮಿ. ನಮ್ಮ ತಂಡದಲ್ಲಿ ಯಾವ ಮಗುವಿಗೆ ಆಗಲಿ, ನೀನೇ ಹೇಳು."

ಎರಡು ಸ್ಟಾಪ್ ದಾಟಿದ ಮೇಲೆ ಇನ್ನೊಂದು ಪ್ರಶ್ನೆ ಎಸೆದೆ: "ಅವರು ನಿರಪರಾಧಿ ಆಗಿದ್ರೆ? ಅವರ ಹೆಸರು ಕೆಡುತ್ತೆ. ಅದು ಅನ್ಯಾಯ ಅಲ್ವಾ?"

"ಅನ್ಯಾಯವೇ. ಆ ಪಾಪ ನನಗಿರಲಿ. ಅವರು ದೊಡ್ಡವರು, ತಡ್ಕೋತಾರೆ" ಅಂದರು.

ಗುಂಡ್ಲುಪೇಟೆಯ ಸಭಾಂಗಣದಲ್ಲಿ ನಾವು ಕಂಡದ್ದು ಇಷ್ಟು: ಖಾಲಿ ವೇದಿಕೆಯ ಅಂಚಿನಲ್ಲಿ ಹುಡುಗಿ ಕೂತಿದ್ದಾಳೆ. ನಿರ್ದೇಶಕರು ಕೆಳಗೆ ಕುರ್ಚಿಯಲ್ಲಿ ಕೂತು ಅವಳ ಮಾತು ಕೇಳುತ್ತಿದ್ದಾರೆ. ಕಾವಲುಗಾರ ಊಟಕ್ಕೆ ಹೋಗಿದ್ದ. ನಮ್ಮನ್ನು ಕಂಡದ್ದೇ ಹುಡುಗಿ ಎದ್ದು ನಿಂತಳು, ಕಣ್ಣಲ್ಲಿ ನೀರು ತುಂಬಿತು. ಬೈಗುಳದ ಭಯಕ್ಕೋ ಮತ್ಯಾವುದಕ್ಕೋ ಹೇಳಲಾರೆ. ಇವರು ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನೀನೇನೂ ತಪ್ಪು ಮಾಡಿಲ್ಲ. ಹೋಗು, ಈ ಅಕ್ಕನ ಜೊತೆ ಮುಖ ತೊಳ್ಕೊಂಡು ಬಾ" ಅಂದರು. ಆಮೇಲೆ ನಿರ್ದೇಶಕರ ಕಡೆ ತಿರುಗಿದರು. ನಲ್ಲಿ ಅಲ್ಲೇ ಬಾಗಿಲ ಹತ್ತಿರ ಇತ್ತು, ಎಲ್ಲವೂ ಕೇಳಿಸುತ್ತಿತ್ತು.

"ಸಾರ್, ನೀವು ಮೈಸೂರಿಗೆ ಹೊರಡಿ. ನಾಟಕ ನಾವು ಮಾಡ್ಕೋತೀವಿ."

"ಏನಮ್ಮಾ ಇದು? ನನ್ನ ಮೇಲೆ ಅನುಮಾನವಾ?"

"ಇಲ್ಲ. ಮೊದಲನೇ ದಿನ ಹೇಳಿದ್ದೆ, ನೀವು ಒಪ್ಪಿದ್ರಿ. ಇವತ್ತು ಮುರಿದ್ರಿ. ಇಷ್ಟೇ."

"ನನ್ನ ಮಗಳ ವಯಸ್ಸಿನವಳು ಅವಳು!"

"ಹೌದು, ಅಷ್ಟು ಚಿಕ್ಕವಳು."

"ಇವತ್ತು ಆರಿಸೋಕೆ ಬರ್ತಿದ್ದಾರೆ. ನಾನಿಲ್ಲದೆ ನಾಟಕ ಬಿದ್ದುಹೋಗುತ್ತೆ, ಯೋಚನೆ ಮಾಡಿ."

"ಬೀಳಲಿ ಸಾರ್" ಅಂದರು.

ಅವರು ಹೋದರು. ಅವರ ಗಾಡಿಯ ಸದ್ದು ಮರೆಯಾಗುವವರೆಗೆ ಇವರು ಬಾಗಿಲಲ್ಲಿ ನಿಂತಿದ್ದರು.

ನಿಜವಾದ ಕಷ್ಟ ಸಂಜೆ ಶುರುವಾಯಿತು. ಟೆಂಪೋದಲ್ಲಿ ಬಂದವರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತ್ತು. ಮಗಳ ನಾಟಕ ನೋಡಲೆಂದು ಒಗೆದ ಪಂಚೆ ಉಟ್ಟು ಪುಣಜನೂರಿನಿಂದ ಬಂದಿದ್ದ ಹುಡುಗಿಯ ಅಪ್ಪನಿಗೆ ಅದು ತಲುಪಿದ ರೂಪವೇ ಬೇರೆ. ನಿನ್ನ ಮಗಳಿಂದಾಗಿ ಡೈರೆಕ್ಟರನ್ನು ಓಡಿಸಿದರಂತೆ! ಆತ ನೇರ ಒಳಗೆ ಬಂದ. ಹುಡುಗಿಗೆ ಅರ್ಧ ಬಣ್ಣ ಹಚ್ಚಿತ್ತು.

"ನಡಿ ಮನ್ಗೆ. ನಾಟ್ಕನೂ ಬ್ಯಾಡ, ಓದೂ ಬ್ಯಾಡ. ಸಾಕು ಆಗಿರದು."

ಹುಡುಗಿ ತಲೆಯ ಮೇಲಿನ ಕಂಬಳಿಕೊಪ್ಪೆ ತೆಗೆಯತೊಡಗಿದಳು. ಅವಳು ಅಷ್ಟು ಬೇಗ ಒಪ್ಪಿಕೊಂಡದ್ದು ನನಗೆ ಬೇಸರ ತಂದಿತು. ಇಂಥ ಸಂದರ್ಭದಲ್ಲಿ ನಮ್ಮೂರುಗಳಲ್ಲಿ ಏನಾಗುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದೊಡ್ಡವರು ತಪ್ಪು ಮಾಡಿದರೆ ಮಗುವನ್ನು ಮನೆಯಲ್ಲಿ ಕೂರಿಸುತ್ತಾರೆ.

ಇವರು ಅಡ್ಡ ನಿಂತರು. "ನೋಡಿ ಅಪ್ಪಾ, ಮಾತು ಮುರಿದವರು ಅವರು. ಅವರು ಹೋದರು. ಇವಳು ಯಾಕೆ ಹೋಗಬೇಕು?"

"ನಿಮ್ಗೆ ಗೊತ್ತಾಗಕಿಲ್ಲ ಬುಡಿ ಮೇಡಮ್ಮೋರೆ. ನಾಳೆ ಊರ್ನೋರು ಏನಂದಾರು?"

"ಅದನ್ನೇ ಕೇಳ್ತೀನಿ. ಇವತ್ತು ವೇಷ ಬಿಚ್ಚಿಸಿ ಕರ್ಕೊಂಡು ಹೋದ್ರೆ ಏನಂತಾರೆ? ಏನೋ ಆಗಿರಬೇಕು ಅಂತಾರೆ. ನೀವೇ ಸಾರಿದ ಹಾಗೆ. ಇವಳು ವೇಷ ಹಾಕ್ಕೊಂಡು ಆಡಿದ್ರೆ? ಚೆನ್ನಾಗಿ ಆಡಿದ್ಲು ಅಂತಾರೆ, ಇಲ್ಲ ಚೆನ್ನಾಗಿ ಆಡಲಿಲ್ಲ ಅಂತಾರೆ. ಯಾವುದು ಬೇಕು ನಿಮಗೆ?"

ಹುಡುಗಿ ಕೊಪ್ಪೆ ಕೈಯಲ್ಲಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಕೊನೆಗೆ ಆತ ಕೇಳಿದ್ದು ಇಷ್ಟೇ: "ನಾನೆಲ್ ಕೂರ್ಲಿ?"

ವೇದಿಕೆಯ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸಿದರು. ಅಲ್ಲಿಂದ ಆತನಿಗೆ ಕಂಡದ್ದು ನಟರ ಬೆನ್ನು, ಒಳಗೆ ಬಂದು ಮೂಗು ಒರೆಸಿಕೊಳ್ಳುವ ರಾಜ, ಮತ್ತು ಮಾತು ಮರೆತವರಿಗೆ ಪಿಸುಗುಟ್ಟುವ ನಾನು. ಮಗಳು ರಾಜನ ಮುಂದೆ ನಿಂತು ಹಿಂದಿನ ಗೋಡೆಗೆ ಬಡಿಯುವಂತೆ ಮಾತಾಡಿದಾಗ, "ಯಾರ್ಗೆ ಬೈತಾ ಅವ್ಳೆ?" ಅಂತ ನನ್ನನ್ನು ಕೇಳಿದ. ರಾಜನಿಗೆ ಅಂದೆ. "ಬೈಲಿ ಬುಡು" ಅಂದ.

ನಾಟಕ ಚೆನ್ನಾಗಿ ಆಗಲಿಲ್ಲ. ಹೇಳುವುದೇ ಆದರೆ ನಿಜ ಹೇಳಬೇಕು. ಬೆಳಕು ತಪ್ಪಿತು, ಮಂತ್ರಿ ಒಂದು ದೃಶ್ಯವನ್ನೇ ಹಾರಿಸಿದ, ನಮ್ಮನ್ನು ಆರಿಸಲಿಲ್ಲ. ಊರಿನ ಕಲಾಭಿಮಾನಿಗಳು ಇವರಿಗೆ ಸಂಶಯ ಪಿಶಾಚಿ ಅಂತ ಹೆಸರಿಟ್ಟರು. ಮುಂದಿನ ಬೇಸಿಗೆಗೆ ಮೈಸೂರಿನಿಂದ ಯಾರೂ ಬರಲೊಪ್ಪಲಿಲ್ಲ. ಶಿಬಿರಕ್ಕೆ ಮಕ್ಕಳೂ ಕಮ್ಮಿಯಾದರು. ಇವರು ಹಾರ್ಮೋನಿಯಂ ತಾತನನ್ನೇ ನಿರ್ದೇಶಕರನ್ನಾಗಿ ಮಾಡಿ ಒಂದು ನಾಟಕ ಎತ್ತಿದರು. ಅದನ್ನು ನೋಡಿದವರು ಇನ್ನೂ ನಗುತ್ತಾರೆ. ಶ್ರದ್ಧಾಂಜಲಿ ಸಭೆಯಲ್ಲಿ ತಾಯಿ ಅಂದವರ ಪೈಕಿ ಇಬ್ಬರಾದರೂ ಆಗ ಪಿಶಾಚಿ ಅಂದವರೇ. ಹೆಸರು ಬರೆಯಲು ನನಗೇನೂ ಅಡ್ಡಿಯಿಲ್ಲ, ಸಂಪಾದಕರಿಗೆ ಅಡ್ಡಿಯಿದೆ.

ನಿರ್ದೇಶಕರ ವಿಷಯದಲ್ಲಿ ನನ್ನ ತಕರಾರು ಮಾತ್ರ ಹಾಗೇ ಉಳಿದಿತ್ತು. ಸಿಕ್ಕಾಗಲೆಲ್ಲ ಕೆದಕುತ್ತಿದ್ದೆ. "ಇನ್ನೂ ಮುಗೀಲಿಲ್ವಾ ನಿನ್ನ ಚರ್ಚಾಸ್ಪರ್ಧೆ?" ಅಂತ ಕಡಲೆಕಾಯಿ ಕೈಗೆ ಹಾಕುತ್ತಿದ್ದರು. ಆ ಹುಡುಗಿಯ ಬಗ್ಗೆ ಕೇಳಿದರೆ, "ಚೆನ್ನಾಗಿದ್ದಾಳೆ, ಓದ್ತಿದ್ದಾಳೆ" ಅನ್ನುವುದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಆ ಹುಡುಗಿಯೇ ಸಿಕ್ಕಳು. ನರ್ಸಿಂಗ್ ಓದುತ್ತಿದ್ದಳು. ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತಳು. ಹಳೆಯ ಮಾತೆಲ್ಲ ಆಯಿತು. ನಾನು ಕೇಳಬಾರದಿತ್ತೇನೋ, ಕೇಳಿದೆ. ಆ ದಿನ ಗಾಡಿಯಲ್ಲಿ ಏನಾದರೂ ಆಗಿತ್ತಾ?

ಅವಳು ನಕ್ಕಳು. "ಏನೂ ಆಗ್ಲಿಲ್ಲ ಕಣಕ್ಕ. ತೆರಕಣಾಂಬೀಲಿ ನಿಲ್ಸಿ ಬೋಂಡ ಕೊಡ್ಸುದ್ರು. ದಾರೀಗುಂಟ ಡೈಲಾಗ್ ಹೇಳುಸ್ಕಂಡೇ ಓದ್ರು. ಅಷ್ಟೇಯ."

ಹಾಗಾದರೆ ಇಷ್ಟು ವರ್ಷ ತಡವಾಗಿ ವಾದ ನಾನು ಗೆದ್ದಿದ್ದೆ. "ನೋಡಿದೆಯಾ, ಸುಮ್ಮನೆ ಆ ಮನುಷ್ಯನಿಗೆ ಅವಮಾನ ಮಾಡಿಬಿಟ್ಟರು ಮೇಡಂ" ಅಂದೆ.

"ಊ, ಅದು ದಿಟ" ಅಂದಳು. ಬಸ್ಸು ಬೇಗೂರು ದಾಟಿದ ಮೇಲೆ ಅವಳೇ ಶುರು ಮಾಡಿದಳು. "ಎಸ್ಸೆಸ್ಸೆಲ್ಸಿಲಿ ಇದ್ದಾಗ ದೊಡ್ಡಮ್ಮನ್ ಮನೇಲಿ ಒಬ್ರು ಬಂದು ಉಳ್ಕಂಡಿದ್ರು. ನೆಂಟ್ರೇ. ಅವ್ರು ಸರಿ ಇರ್ಲಿಲ್ಲ ಅಕ್ಕ." ಅವಳು ಅದನ್ನು ಅಲ್ಲಿಗೇ ಬಿಟ್ಟಳು, ನಾನೂ ಬಿಡಿಸಿ ಕೇಳಲಿಲ್ಲ. "ಒಂದಿನ ಸ್ಕೂಲ್ ಮುಗುಸ್ಕಂಡು ಸೀದಾ ಮಿಸ್ಸು ಮನೆಗೆ ಓದೆ. ನಾನು ಹೇಳಿ ಮುಗ್ಸಗಂಟ ಸುಮ್ನೆ ಕೇಳುದ್ರು. ಅವತ್ತಿಂದ ನಾನು ಆ ಮನೆಗೆ ಓಗ್ನಿಲ್ಲ. ಹಾಸ್ಟೆಲ್ ಸೇರ್ಸುದ್ರು. ನಮ್ಮಪ್ಪನ್ನ ಕರ್ಕಂಡು ಪೊಲೀಸ್ ಸ್ಟೇಷನ್ಗೂ ಅವ್ರೇ ಓದ್ರು."

ಇದನ್ನು ಅವರು ನನಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹುಡುಗಿಯೇ ಅದನ್ನು ಬರೆಯಲು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

"ಅಮ್ಮನಿಗೆ ಹೇಳಬಹುದಿತ್ತಲ್ಲ, ದೊಡ್ಡಮ್ಮನಿಗೆ? ಮೇಡಂ ಹತ್ರಾನೇ ಯಾಕೆ ಹೋದೆ?"

ನಾನು ಕೇಳಿದ್ದೇ ದಡ್ಡ ಪ್ರಶ್ನೆ ಅನ್ನುವ ಹಾಗೆ ನನ್ನನ್ನು ನೋಡಿದಳು.

"ಏನೂ ಆಗ್ದೆ ಇರವಾಗ್ಲೇ ಬಸ್ ಹತ್ಕಂಡು ಗುಂಡ್ಲುಪೇಟೆಗಂಟ ಬಂದಿದ್ರಲ್ಲ ಅಕ್ಕ. ಆದಾಗ ಬರ್ದೆ ಇದ್ದಾರಾ ಅನ್ಕಂಡೆ."